ಬಯಲು ಪಾತರಗಿತ್ತಿಯ ಕುಲಗೋತ್ರ

ಅಪರಿಚಿತನೊಬ್ಬನು ಜಗಲಿಯ ಮೇಲೆ ಬಂದು ಕುಳಿತಾಗ, ನೀರು ಬೆಲ್ಲ ಕೊಟ್ಟ ಮೇಲೆ ನಮ್ಮ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ತಮ್ಮದು ಯಾವ ಊರಾಯಿತು, ಯಾರ ಪೈಕಿ?’ ಎಂಬುದು. ಮನುಷ್ಯರ ವಿಷಯದಲ್ಲಿ ಈ ಕುಲಜಿಜ್ಞಾಸೆ ತಂದಿರುವ ಕೇಡು ಸರ್ವವಿದಿತವಾದದ್ದು. ಆದರೆ ಪ್ರಾಣಿಗಳ ಮತ್ತು ಸಸ್ಯಗಳ ವಿಷಯದಲ್ಲಿ ಅದೇ ಪ್ರಶ್ನೆ ಒಂದು ಶಾಸ್ತ್ರವಾಗಿ ಬೆಳೆದಿದೆ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೮ರಲ್ಲಿ ಪ್ರಾಣಿಗಳಿಗೆ ಎರಡೆರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದನು. ಮೊದಲನೆಯದು ಕುಲದ ಹೆಸರು. ಎರಡನೆಯದು ಪ್ರಭೇದದ ಹೆಸರು. ಅಂದಿನಿಂದ ಪ್ರತಿಯೊಂದು ಜೀವಿಗೂ ಒಂದು ಸ್ಥಿರವಾದ ಪೀಠ ದೊರೆಯಿತೆಂದು ನಾವು ಭಾವಿಸುತ್ತೇವೆ. ವಾಸ್ತವ ಸ್ಥಿತಿ ಹಾಗಿಲ್ಲ. ನಮ್ಮ ಬಯಲುಸೀಮೆಯ ಮುಳ್ಳುಪೊದೆಗಳ ನಡುವೆ ಹಾರಾಡುವ ಒಂದು ಸಣ್ಣ ಪಾತರಗಿತ್ತಿಯ ಕುಲಗೋತ್ರವನ್ನು ನಿರ್ಣಯಿಸಲು ವಿದ್ವಾಂಸರು ಎರಡೂವರೆ ಶತಮಾನಗಳಿಂದ ಶ್ರಮಿಸುತ್ತಿದ್ದಾರೆ. ನಿರ್ಣಯ ಇನ್ನೂ ಪೂರ್ಣವಾಗಿಲ್ಲ.

ಅದರ ಶಾಸ್ತ್ರೀಯ ನಾಮ ಕೊಲೋಟಿಸ್ ಅಮಾಟ. ‘ಅಮಾಟ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪ್ರೀತಿಪಾತ್ರಳಾದವಳು. ಇಂಗ್ಲಿಷಿನವರು ಇದನ್ನು ‘ಸ್ಮಾಲ್ ಸಾಲ್ಮನ್ ಅರಬ್’ ಎನ್ನುತ್ತಾರೆ. ಸಾಲ್ಮನ್ ಎಂಬ ಮೀನಿನ ಮಾಂಸದ ಬಣ್ಣವನ್ನು ಕಂಡವರು ನಮ್ಮಲ್ಲಿ ವಿರಳ. ಕನ್ನಡಿಗರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಕನಕಾಂಬರದ ಬಣ್ಣ. ರೆಕ್ಕೆ ಬಿಚ್ಚಿದಾಗ ಒಂದೂವರೆಯಿಂದ ಎರಡು ಅಂಗುಲ ಅಗಲ. ಕನಕಾಂಬರದ ನೆಲದ ಸುತ್ತ ಕಪ್ಪು ಅಂಚು, ಆ ಅಂಚಿನಲ್ಲಿ ತಿಳಿಬಣ್ಣದ ಚುಕ್ಕೆಗಳು. ರೆಕ್ಕೆ ಮಡಿಸಿ ಕುಳಿತರೆ ಹಸಿರು ಬೆರೆತ ಹಳದಿ. ಎಲೆಯ ನಡುವೆ ಎಲೆಯಾಗಿ ಹೋಗುತ್ತದೆ. ಹೆಣ್ಣುಗಳಲ್ಲಿ ಕೆಲವು ಗಂಡಿನ ಬಣ್ಣದವು, ಕೆಲವು ಬಿಳಿಯವು. ಎತ್ತರಕ್ಕೆ ಹಾರುವ ಅಭ್ಯಾಸವಿಲ್ಲ. ತಾನು ಹುಟ್ಟಿದ ಪೊದೆಯ ಸುತ್ತಮುತ್ತ, ಮೊಳಕಾಲೆತ್ತರದಲ್ಲಿ, ಉರಿಬಿಸಿಲಿನಲ್ಲಿ ಅದರ ಸಂಚಾರ.

ನಾನು ವಾಸಿಸುವುದು ಬೆಂಗಳೂರಿನ ತಿಲಕ್ ನಗರದಲ್ಲಿ. ನಮ್ಮ ಬಡಾವಣೆಯ ಒತ್ತಿನಲ್ಲಿ ಹಾದುಹೋಗುವ ಬನ್ನೇರುಘಟ್ಟದ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ೨೦೦೬ರಲ್ಲಿ ಆರಂಭವಾದ ಚಿಟ್ಟೆಗಳ ಉದ್ಯಾನ ಸಿಕ್ಕುತ್ತದೆ. ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಹೋಗಿ, ಮಾಡಿನ ಕೆಳಗೆ ತೇವ ತುಂಬಿದ ಗಾಳಿಯಲ್ಲಿ ಹಾರುವ ದೊಡ್ಡ ದೊಡ್ಡ ಚಿಟ್ಟೆಗಳನ್ನು ಕಂಡು ಹರ್ಷಪಡುತ್ತಾರೆ. ಪಾತರಗಿತ್ತಿ ಎಂದರೆ ಹಸಿರು ಕಾಡು, ಹೂವಿನ ತೋಟ, ಹರಿಯುವ ನೀರು ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬಲವಾಗಿ ಬೇರೂರಿದೆ. ಅಮಾಟ ಈ ಭಾವನೆಗೆ ಒಗ್ಗುವುದಿಲ್ಲ. ಅದು ಬಯಲಿನ ಮಗಳು. ಹುಲ್ಲೂ ಚೆದುರಿದ ಮುಳ್ಳುಗಿಡಗಳೂ ಕೂಡಿದ ಒಣನೆಲವೇ ಅದರ ತವರು. ಭೂಗೋಳಶಾಸ್ತ್ರದಲ್ಲಿ ಇಂಥ ನೆಲಕ್ಕೆ ಸವಾನಾ ಎಂದು ಹೆಸರು.

ಆ ತವರಿನ ವಿಸ್ತಾರವನ್ನು ತಿಳಿಯಲು ನಕ್ಷೆ ಬೇಕಿಲ್ಲ. ನಮ್ಮ ತಿಲಕ್ ನಗರದಂಥ ಬಡಾವಣೆಗಳಲ್ಲಿ ಮಸೀದಿಗಳ ಬಳಿ ಮಾರಾಟವಾಗುವ ಮಿಸ್ವಾಕ್ ಕಡ್ಡಿಯೇ ಸಾಕು. ಹಲ್ಲುಜ್ಜಲು ಬಳಸುವ ಈ ಕಡ್ಡಿ ಸಾಲ್ವಡೋರಾ ಪರ್ಸಿಕಾ ಎಂಬ ಸಣ್ಣ ಮರದಿಂದ ಬರುತ್ತದೆ. ಆಫ್ರಿಕದ ಬಯಲುಗಳಿಂದ ಅರಬಸ್ಥಾನವನ್ನು ಹಾದು ಭಾರತದ ಒಣನಾಡಿನವರೆಗೆ ಈ ಮರ ಹಬ್ಬಿದೆ. ಅದರ ಎಲೆಯನ್ನು ತಿಂದು ಬೆಳೆಯುವ ನಮ್ಮ ಪಾತರಗಿತ್ತಿಯ ಬಂಧುಬಳಗವೂ ಅದೇ ದಾರಿಯಲ್ಲಿ ಹಬ್ಬಿದೆ. ಅಂದಮೇಲೆ ಇಂಗ್ಲಿಷಿನ ಹೆಸರಿನಲ್ಲಿ ‘ಅರಬ್’ ಎಂಬ ಪದವಿರುವುದು ಅಕಾರಣವಲ್ಲ. ದಕ್ಷಿಣ ಭಾರತದಲ್ಲಿ ಇದರ ಮತ್ತೊಂದು ಮುಖ್ಯ ಆಹಾರ ಸಾಲ್ವಡೋರಾದ ದಾಯಾದಿಯಾದ ಅಜೀಮಾ ಟೆಟ್ರಕ್ಯಾಂತ ಎಂಬ ಪೊದೆ. ‘ಟೆಟ್ರಕ್ಯಾಂತ’ ಎಂದರೆ ನಾಲ್ಕು ಮುಳ್ಳಿನದು. ಪ್ರತಿಯೊಂದು ಗೆಣ್ಣಿನಲ್ಲಿಯೂ ಮುಳ್ಳುಗಳನ್ನು ಚಾಚಿ ನಿಲ್ಲುವ ಈ ಪೊದೆಯನ್ನು ಯಾರೂ ಆಸೆಪಟ್ಟು ನೆಡುವುದಿಲ್ಲ.

ಈಗ ಹೆಸರಿನ ಕಥೆಗೆ ಬರೋಣ. ೧೭೭೫ನೆಯ ವರ್ಷದಲ್ಲಿ ಲಿನೇಯಸನ ಶಿಷ್ಯನಾದ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಎಂಬುವನು ಕೀಟಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಈ ಚಿಟ್ಟೆಗೆ ಅಮಾಟ ಎಂದು ನಾಮಕರಣ ಮಾಡಿದನು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್ ನಗರದ ಉಣ್ಣೆಯ ವರ್ತಕನೂ ಚಿಟ್ಟೆಗಳ ಸಂಗ್ರಾಹಕನೂ ಆದ ಪೀಟರ್ ಕ್ರಾಮರ್ ಎಂಬುವನು ವಿದೇಶದ ಚಿಟ್ಟೆಗಳ ಬಣ್ಣದ ಚಿತ್ರಪುಸ್ತಕವೊಂದನ್ನು ಹೊರತರಲು ತೊಡಗಿ, ಇದನ್ನೇ ಬಹುವಾಗಿ ಹೋಲುವ ಚಿಟ್ಟೆಯೊಂದಕ್ಕೆ ಕಲಾಯಿಸ್ ಎಂಬ ಹೆಸರನ್ನಿತ್ತನು. ಕಲಾಯಿಸ್ ಎಂಬುವನು ಗ್ರೀಕರ ಪುರಾಣದಲ್ಲಿ ಉತ್ತರ ದಿಕ್ಕಿನ ವಾಯುದೇವನಿಗೆ ಹುಟ್ಟಿದ ರೆಕ್ಕೆಯುಳ್ಳ ಮಗ. ಹೀಗೆ ಒಂದೇ ವರ್ಷ ಇಬ್ಬರು ಪುರೋಹಿತರು ಎರಡು ತೊಟ್ಟಿಲುಗಳಲ್ಲಿ ಎರಡು ಹೆಸರುಗಳನ್ನು ಕೂಗಿದರು. ತೊಟ್ಟಿಲುಗಳು ಎರಡೆ, ಕೂಸುಗಳೂ ಎರಡೆ, ಅಥವಾ ಕೂಸು ಒಂದೇಯೆ? ವಿವಾದ ಅಲ್ಲಿಂದಲೇ ಆರಂಭ.

ಮುಂದೆ ಕುಲದ ಹೆಸರಿನ ವಿಷಯದಲ್ಲಿಯೂ ಇದೇ ಗೊಂದಲವಾಯಿತು. ಜರ್ಮನಿಯ ಹ್ಯೂಬ್ನರ್ ೧೮೧೯ರಲ್ಲಿ ಕೊಲೋಟಿಸ್ ಎಂಬ ಕುಲವನ್ನು ಹೆಸರಿಸಿದನು. ಅದನ್ನು ಗಮನಿಸಿಯೋ ಗಮನಿಸದೆಯೋ ಇಂಗ್ಲೆಂಡಿನ ಸ್ವೇನ್‌ಸನ್ ೧೮೩೩ರಲ್ಲಿ ಟೆರಾಕೋಲಸ್ ಎಂಬ ಮತ್ತೊಂದು ಹೆಸರನ್ನು ಕೊಟ್ಟನು. ಹತ್ತೊಂಬತ್ತನೆಯ ಶತಮಾನವೆಲ್ಲ ಎರಡನೆಯ ಹೆಸರಿನದೇ ಪ್ರಾಬಲ್ಯ. ಆಫ್ರಿಕದಿಂದಲೂ ಭಾರತದಿಂದಲೂ ಸೈನ್ಯಾಧಿಕಾರಿಗಳು, ಪಾದ್ರಿಗಳು, ವ್ಯಾಪಾರಿಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಕಳಿಸಿದ ಒಣಗಿದ ಚಿಟ್ಟೆಗಳು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಅಲ್ಲಿಯ ಬಟ್ಲರ್ ೧೮೭೬ರಲ್ಲಿ ಈ ಕುಲವನ್ನು ಪರಿಷ್ಕರಿಸಿ ಬರೆದನು. ಎಮಿಲಿ ಮೇರಿ ಬೌಡ್ಲರ್ ಶಾರ್ಪ್ ಎಂಬ ವಿದುಷಿ ೧೮೯೮ರಿಂದ ೧೯೦೨ರವರೆಗೆ ಇದೊಂದೇ ಕುಲವನ್ನು ಕುರಿತು ಚಿತ್ರಸಹಿತವಾದ ಗ್ರಂಥವನ್ನು ಪ್ರಕಟಿಸಿದಳು. ರೆಕ್ಕೆಯ ಅಂಚು ಒಂದಿಷ್ಟು ಅಗಲವಾದರೆ ಒಂದು ಹೆಸರು, ಚುಕ್ಕೆ ಅಳಿಸಿಹೋಗಿದ್ದರೆ ಇನ್ನೊಂದು ಹೆಸರು. ಹೀಗೆ ಹೆಸರುಗಳ ಪಟ್ಟಿ ಬೆಳೆಯುತ್ತ ಹೋಯಿತು.

ಈ ಪಂಡಿತರನ್ನು ಅವಿವೇಕಿಗಳೆಂದು ಹಳಿಯುವುದು ಸುಲಭ; ಆದರೆ ನ್ಯಾಯವಲ್ಲ. ಅವರ ಮುಂದಿದ್ದದ್ದು ಸೂಜಿ ಚುಚ್ಚಿದ ಶವಗಳು. ಜೀವಂತ ಚಿಟ್ಟೆಯ ನಡವಳಿಕೆ ಅವರಿಗೆ ಕಾಣುವಂತಿರಲಿಲ್ಲ. ನಮ್ಮ ಭಾಷೆಯ ಪದವನ್ನು ಅವರು ಬಲ್ಲವರಾಗಿದ್ದರೆ ಒಂದು ಸುಳಿವು ಸಿಕ್ಕುತ್ತಿತ್ತೇನೊ! ‘ಪಾತರ’ ಎಂದರೆ ಕುಣಿತ, ಪಾತರದವಳು ಎಂದರೆ ಕುಣಿಯುವವಳು. ಕುಣಿಯುವವಳು ಒಂದೇ ಉಡುಪಿನಲ್ಲಿ ರಂಗಕ್ಕೆ ಬರುವುದಿಲ್ಲ. ಈ ಕುಲದ ಪಾತರಗಿತ್ತಿಯೂ ಹಾಗೆಯೇ. ಮಳೆಗಾಲದಲ್ಲಿ ಹುಟ್ಟುವ ಪೀಳಿಗೆಗೆ ಕಪ್ಪಂಚು ದಟ್ಟವಾಗಿ, ಅಗಲವಾಗಿ ಬರುತ್ತದೆ. ಬೇಸಗೆಯ ಪೀಳಿಗೆ ಮಸುಕು, ಕಪ್ಪು ಕಡಮೆ, ಹಲವು ಸಲ ಗಾತ್ರವೂ ಕಿರಿದು. ಹುಲ್ಲು ಒಣಗಿ ನೆಲ ಬೋಳಾದ ಕಾಲದಲ್ಲಿ ಮಸುಕು ಬಣ್ಣ ಶತ್ರುವಿನ ಕಣ್ಣನ್ನು ತಪ್ಪಿಸುತ್ತದೆ. ತಾಯಿಗೂ ಮಗಳಿಗೂ ಉಡುಪು ಬೇರೆ. ಉಡುಪು ನೋಡಿ ಹೆಸರಿಟ್ಟವರು ತಾಯಿಯನ್ನು ಒಂದು ಪ್ರಭೇದಕ್ಕೂ ಮಗಳನ್ನು ಇನ್ನೊಂದು ಪ್ರಭೇದಕ್ಕೂ ಸೇರಿಸಿಬಿಟ್ಟರು.

ಋತುವಿನ ಈ ವೇಷಾಂತರವನ್ನು ಬಯಲಿಗೆಳೆದವರು ಗ್ರಂಥಾಲಯದಲ್ಲಿ ಕುಳಿತವರಲ್ಲ. ಮೊಟ್ಟೆಯಿಟ್ಟ ಎಲೆಯನ್ನು ಮನೆಗೆ ತಂದು ಹುಳುವನ್ನು ಸಾಕಿದವರು. ಕಲ್ಕತ್ತೆಯಲ್ಲಿ ಡಿ ನೀಸ್‌ವಿಲ್ ಎಂಬುವನು ೧೮೮೫-೮೬ರ ಹೊತ್ತಿಗೆ ಹೀಗೆ ಸಾಕಿ, ಸಂಜೆ ದೀಪದ ಹೊತ್ತಿನಲ್ಲಿ ನಮ್ಮ ಮನೆಗಳ ಗೋಡೆಗೂ ಬಂದು ಕೂರುವ ಕಂದು ಚಿಟ್ಟೆಯ ಎರಡು ‘ಪ್ರಭೇದ’ಗಳು, ಲೀಡಾ ಮತ್ತು ಇಸ್ಮೀನೆ, ಒಂದೇ ತಾಯಿಯ ಮಳೆಗಾಲದ ಮತ್ತು ಬೇಸಗೆಯ ಮಕ್ಕಳೆಂದು ತೋರಿಸಿಕೊಟ್ಟನು. ಆಫ್ರಿಕದ ಸವಾನಾದಲ್ಲಿ ಗೈ ಮಾರ್ಷಲ್ ೧೮೯೮ರಲ್ಲಿ ಕೆಂಪು ಬಣ್ಣದ ಒಂದು ಚಿಟ್ಟೆಯ ಮೊಟ್ಟೆಯಿಂದ ನೀಲಿ ಚಿಟ್ಟೆಯನ್ನು ಹೊರಡಿಸಿ ವಿದ್ವಾಂಸರನ್ನು ಬೆರಗುಗೊಳಿಸಿದನು.

ನಮ್ಮ ಕರ್ನಾಟಕದ ಪಾಲೂ ಈ ಕಾರ್ಯದಲ್ಲಿ ಅಲ್ಪವಲ್ಲ. ಉತ್ತರ ಕನ್ನಡ ಜಿಲ್ಲೆಯ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ತನ್ನ ಗೆಳೆಯರಾದ ಡೇವಿಡ್‌ಸನ್ ಮತ್ತು ಐಟ್ಕನ್ ಅವರೊಡನೆ ಸೇರಿ ಕಾರವಾರದ ಸುತ್ತಣ ಚಿಟ್ಟೆಗಳ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡ, ಕಟ್ಟುವ ಕೋಶ ಎಲ್ಲವನ್ನೂ ೧೮೯೬-೯೭ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದಾಖಲೆ ಮಾಡಿದನು. ನಿವೃತ್ತನಾದ ಮೇಲೂ ಆತ ಕಾರವಾರವನ್ನು ಬಿಡಲಿಲ್ಲ. ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡನು. ಬೆಂಗಳೂರು ಮತ್ತು ಸುತ್ತಮುತ್ತಣ ಚಿಟ್ಟೆಗಳನ್ನು ಕುರಿತು ಜೆ. ಎ. ಯೇಟ್ಸ್ ಅದೇ ಪತ್ರಿಕೆಯಲ್ಲಿ ೧೯೩೧ರಲ್ಲಿ ಬರೆದ ಲೇಖನ ಈ ಊರಿನ ಇಂಥ ದಾಖಲೆಗಳಲ್ಲಿ ಹಳೆಯದು.

ಹುಳುವನ್ನು ಸಾಕಿದವರು ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುತ್ತದೆ. ಸಾಸುವೆ, ಕೋಸು, ಮೂಲಂಗಿಗಳ ಘಾಟಿಗೆ ಕಾರಣವಾದ ಒಂದು ರಾಸಾಯನಿಕ ದ್ರವ್ಯವುಂಟು. ಬಿಳಿ ಮತ್ತು ಹಳದಿ ಚಿಟ್ಟೆಗಳ ಕುಟುಂಬದಲ್ಲಿ ಅನೇಕವು ಈ ಘಾಟನ್ನೇ ಗುರುತಾಗಿಟ್ಟುಕೊಂಡು ಗಿಡವನ್ನು ಆರಿಸುತ್ತವೆ. ಕೊಲೋಟಿಸ್ ಕುಲದ ಬಹುಪಾಲು ಚಿಟ್ಟೆಗಳು ಸಾಸುವೆಯ ನಂಟರಾದ ಕ್ಯಾಪರಿಸ್, ಕಡಾಬ ಮೊದಲಾದ ಗಿಡಗಳನ್ನು ತಿನ್ನುತ್ತವೆ. ಅಮಾಟ ಮಾತ್ರ ಸಾಲ್ವಡೋರಾ, ಅಜೀಮಾಗಳನ್ನು ಹಿಡಿದಿದೆ. ಇವು ಸಾಸುವೆಯ ಬಳಗವಲ್ಲವೆಂದು ಸಸ್ಯಶಾಸ್ತ್ರಜ್ಞರು ಬಹುಕಾಲ ಬೇರೆ ಗಣಗಳಲ್ಲಿ ಇರಿಸಿದ್ದರು. ಕೊನೆಗೆ ೧೯೯೮ರಲ್ಲಿ, ಅನುವಂಶಿಕ ದ್ರವ್ಯದ ಪರೀಕ್ಷೆಯ ಆಧಾರದ ಮೇಲೆ ಹೂಬಿಡುವ ಸಸ್ಯಗಳ ವರ್ಗೀಕರಣವನ್ನು ಪರಿಷ್ಕರಿಸಿದಾಗ, ಸಾಲ್ವಡೋರಾದ ಕುಟುಂಬ ಸಾಸುವೆಯ ಗಣಕ್ಕೇ ಸೇರಿತು. ಮೊಟ್ಟೆಯಿಡುವ ಮುನ್ನ ಕಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡುವ ತಾಯಿಚಿಟ್ಟೆಗೆ ಆ ಗಿಡದ ಗೋತ್ರ ಮೊದಲೇ ತಿಳಿದಿತ್ತು! ತನ್ನ ಕುಲವೇ ನಿರ್ಣಯವಾಗದ ಪ್ರಾಣಿ ಗಿಡದ ಕುಲವನ್ನು ನಮಗಿಂತ ಮುಂಚೆ ನಿರ್ಣಯಿಸಿತ್ತು.

ಇಪ್ಪತ್ತನೆಯ ಶತಮಾನ ಕೂಡಿಸುವ ಕಾಲ. ಬಿಂಗ್‌ಹ್ಯಾಮ್ ೧೯೦೭ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಟೆರಾಕೋಲಸ್ ಹೆಸರನ್ನೇ ಬಳಸಿದನು. ೧೯೩೯ರಲ್ಲಿ ಅದೇ ಮಾಲೆಯನ್ನು ಪರಿಷ್ಕರಿಸಿದ ಟ್ಯಾಲ್ಬಟ್, ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ, ಕೊಲೋಟಿಸ್ ಎಂದು ಬರೆದನು. ಎಷ್ಟೋ ಹಳೆಯ ಪ್ರಭೇದಗಳು ಋತುರೂಪಗಳೆಂದೋ ಉಪಪ್ರಭೇದಗಳೆಂದೋ ಕೆಳಗಿಳಿದವು. ವಿಷಯ ಇತ್ಯರ್ಥವಾಯಿತೆಂದು ಎಲ್ಲರೂ ನಂಬಿದರು.

೨೦೧೧ರಲ್ಲಿ ಆ ನಂಬಿಕೆ ಅಲುಗಿತು. ವಾಜ್ರಿಕ್ ನಜಾರಿ, ನೀಲಗಿರಿಯ ಚಿಟ್ಟೆಗಳನ್ನು ಕುರಿತು ಬರೆದು ನಮ್ಮವರಿಗೂ ಪರಿಚಿತರಾಗಿದ್ದ ಡೆನ್ಮಾರ್ಕಿನ ಟೋರ್ಬೆನ್ ಲಾರ್ಸೆನ್ ಮೊದಲಾದವರು ಈ ಗುಂಪಿನ ಚಿಟ್ಟೆಗಳ ಅನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದಾಗ, ಕೊಲೋಟಿಸ್ ಎಂದು ಒಂದೇ ಚಪ್ಪರದ ಕೆಳಗೆ ಕುಳಿತಿದ್ದವರೆಲ್ಲ ಒಂದೇ ಮನೆತನದವರಲ್ಲವೆಂದು ತಿಳಿದುಬಂತು. ರೆಕ್ಕೆಯ ಹೋಲಿಕೆಯಿಂದ ಹತ್ತಿರದವರಂತೆ ಕಂಡ ಕೆಲವರು ನಿಜವಾಗಿ ದೂರದವರು. ತಳ್ಳಿಹಾಕಿದ್ದ ಟೆರಾಕೋಲಸ್ ಎಂಬ ಹೆಸರನ್ನು ಆಫ್ರಿಕದ ಕೆಲವು ಪ್ರಭೇದಗಳಿಗಾಗಿ ಮತ್ತೆ ಎತ್ತಿಕೊಳ್ಳಬೇಕಾಯಿತು. ಈ ಪಾಲುಪಟ್ಟಿಯಲ್ಲಿ ನಮ್ಮ ಅಮಾಟಕ್ಕೆ ಮಾತ್ರ ನಷ್ಟವಾಗಲಿಲ್ಲ. ಏಕೆಂದರೆ ಕೊಲೋಟಿಸ್ ಎಂಬ ಕುಲನಾಮ ಯಾವ ಪ್ರಭೇದವನ್ನು ಮಾದರಿಯಾಗಿ ಆಶ್ರಯಿಸಿದೆಯೊ ಆ ಪ್ರಭೇದವೇ ಅಮಾಟ. ಮನೆ ಎಷ್ಟು ಪಾಲಾದರೂ ಮನೆತನದ ಹೆಸರು ಹಿರಿಯಳ ಹಿಂದೆಯೇ ಹೋಗಬೇಕೆಂಬುದು ನಾಮಕರಣಶಾಸ್ತ್ರದ ಕಟ್ಟಳೆ.

ಕುಲದ ಹೆಸರು ಹೀಗೆ ಉಳಿಯಿತು. ಪ್ರಭೇದದ ಪ್ರಶ್ನೆ ಬಗೆಹರಿಯಲಿಲ್ಲ. ಭಾರತದ ಅಮಾಟ ಮತ್ತು ಆಫ್ರಿಕದ ಕಲಾಯಿಸ್ ಒಂದೇ ಪ್ರಭೇದದ ಎರಡು ಶಾಖೆಗಳೆಂದು ಕೆಲವು ಪಟ್ಟಿಗಳು ಇಂದಿಗೂ ಹೇಳುತ್ತವೆ. ಎರಡೂ ಸ್ವತಂತ್ರ ಪ್ರಭೇದಗಳೆಂದು ಇನ್ನು ಕೆಲವು. ಕೂಡಿ ಸಂತಾನವನ್ನು ಪಡೆಯಬಲ್ಲವೆಲ್ಲ ಒಂದು ಪ್ರಭೇದ ಎಂಬುದು ೧೯೪೨ರಲ್ಲಿ ಎರ್ನ್ಸ್ಟ್ ಮೇಯರ್ ಸ್ಪಷ್ಟಗೊಳಿಸಿದ ಪ್ರಸಿದ್ಧ ಲಕ್ಷಣ. ಆದರೆ ಸಮುದ್ರ ಮರುಭೂಮಿಗಳ ಆಚೆ ಈಚೆ ಇರುವ, ಎಂದೂ ಸಂಧಿಸದ ಎರಡು ಪಂಗಡಗಳಿಗೆ ಈ ಲಕ್ಷಣವನ್ನು ಅನ್ವಯಿಸುವುದು ಹೇಗೆ? ಬೇರೆಯಾಗುವ ಕ್ರಿಯೆ ನಿಧಾನವಾಗಿ ಸಾಗುವಂಥದು. ಅದರ ನಡುವಿನ ಒಂದು ಗಳಿಗೆಯಲ್ಲಿ ನಾವು ನೋಡುತ್ತಿದ್ದೇವೆ. ಮೊಗ್ಗು ಯಾವ ನಿಮಿಷದಲ್ಲಿ ಹೂವಾಯಿತೆಂದು ಕೇಳಿದರೆ ಯಾರು ತಾನೆ ಹೇಳಬಲ್ಲರು? ಸಂದೇಹ ಇಲ್ಲಿ ಪಂಡಿತರ ಅಜ್ಞಾನದಿಂದಲೇ ಹುಟ್ಟಿದ್ದಲ್ಲ; ಪ್ರಕೃತಿಯ ನಡಿಗೆಯಲ್ಲಿಯೇ ಇದೆ.

ಒಂದು ಚಿಟ್ಟೆಯ ಹೆಸರು ಏನಾದರೇನು ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವಾಗಿ, ಹೆಸರು ತಪ್ಪಿದ ಇನ್ನೊಂದು ವಸ್ತುವನ್ನು ತೋರಿಸಬಯಸುತ್ತೇನೆ. ಅದು ಈ ಚಿಟ್ಟೆ ಬಾಳುವ ನೆಲ.

ನಮ್ಮ ಹಳೆಯ ಭಾಷೆಯಲ್ಲಿ ಆ ನೆಲಕ್ಕೆ ಗೌರವದ ಹೆಸರುಗಳಿದ್ದವು: ಕಾವಲು, ಗೋಮಾಳ, ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂದಾದ ದನಗಳ ಇಲಾಖೆ, ಈ ಕಾವಲುಗಳನ್ನು ರಾಜ್ಯದ ಸಂಪತ್ತೆಂದು ಕಾಯ್ದುಕೊಂಡು ಬಂದಿತು. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ಉಳುಮೆಯಿಲ್ಲದ, ಮರವಿಲ್ಲದ ನೆಲ ‘ವೇಸ್ಟ್’ ಎನಿಸಿತು. ನಾವು ಅದನ್ನು ‘ಹಾಳು ಭೂಮಿ’, ‘ಬಂಜರು’ ಎಂದು ಅನುವಾದಿಸಿಕೊಂಡೆವು. ಸ್ವತಂತ್ರ ಭಾರತದಲ್ಲಿಯೂ ಆ ಪದ ಬದಲಾಗಲಿಲ್ಲ. ೨೦೦೦ದಲ್ಲಿ ಮೊದಲು ಪ್ರಕಟವಾಗಿ ಮತ್ತೆ ಮತ್ತೆ ಪರಿಷ್ಕೃತವಾದ ದೇಶದ ಪಾಳುಭೂಮಿಯ ನಕ್ಷಾಸಂಪುಟದಲ್ಲಿ ಕುರುಚಲು ಬಯಲುಗಳು ಪಾಳಿನ ಪಟ್ಟಿಯಲ್ಲಿಯೇ ಇವೆ. ಹಾಳೆಂದು ಕರೆದ ಮೇಲೆ ಅದನ್ನು ‘ಉದ್ಧರಿಸುವ’ ಉತ್ಸಾಹ ಸಹಜವಾಗಿ ಬರುತ್ತದೆ. ಒಬ್ಬರು ನೀಲಗಿರಿ ಸಸಿ ನೆಡುತ್ತಾರೆ, ಒಬ್ಬರು ಕಾರ್ಖಾನೆ ಕಟ್ಟುತ್ತಾರೆ. ೨೦೦೮ರಿಂದ ೨೦೧೦ರವರೆಗಿನ ಅವಧಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸುತ್ತ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಹೋಯಿತು. ಕುರಿ ದನಗಳ ಸಮೇತ ಅದೇ ನೆಲವನ್ನು ನಂಬಿದ್ದ ಊರುಗಳ ಜನ ನ್ಯಾಯಪೀಠದ ಬಾಗಿಲನ್ನು ತಟ್ಟಬೇಕಾಯಿತು.

ಈ ಬಯಲುಗಳು ಕಾಡು ಕಡಿದು ಉಳಿದ ಹಾಳಲ್ಲ ಎಂಬ ವಾದವನ್ನು ಬೆಂಗಳೂರಿನ ವಿಜ್ಞಾನಿಗಳೇ ಮುಂದಿಟ್ಟಿದ್ದಾರೆ. ಇಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ ಮತ್ತು ಮಹೇಶ್ ಶಂಕರನ್ ಅವರೂ ಸಂಗಡಿಗರೂ ೨೦೧೧ರಲ್ಲಿಯೂ ೨೦೧೬ರಲ್ಲಿಯೂ ಬರೆದ ಪ್ರಬಂಧಗಳಲ್ಲಿ, ನಾವು ಕಾಡೆಂದೋ ಕೆಟ್ಟ ಕಾಡೆಂದೋ ಕರೆಯುತ್ತಿರುವ ಎಷ್ಟೋ ಪ್ರದೇಶಗಳು ನಿಜವಾಗಿ ಪ್ರಾಚೀನ ಸವಾನಾಗಳು ಎಂದು ತೋರಿಸಿದ್ದಾರೆ. ಬಿಸಿಲಿಗೆ ಒಗ್ಗಿದ ಹುಲ್ಲುಗಳು ಈ ಉಪಖಂಡದಲ್ಲಿ ಹಬ್ಬಿದ್ದು ಸುಮಾರು ಎಂಬತ್ತು ಲಕ್ಷ ವರ್ಷಗಳಿಂದೀಚೆಗೆ. ಕೊಡಲಿ ಹಿಡಿದ ಮನುಷ್ಯ ಆಗ ಎಲ್ಲಿದ್ದ? ನನ್ನ ದೃಷ್ಟಿಯಲ್ಲಿ ನಮ್ಮ ಪಾತರಗಿತ್ತಿ ಈ ಮೊಕದ್ದಮೆಯ ಒಬ್ಬ ಸಾಕ್ಷಿ. ಬಯಲನ್ನು ಬಿಟ್ಟು ಬದುಕಲಾರದ ಕುಲವೊಂದು ಇಲ್ಲಿ ತನ್ನದೇ ಆದ ಶಾಖೆಯನ್ನು ಬೆಳೆಸಿಕೊಂಡಿದೆಯೆಂದರೆ, ಆ ಬಯಲು ನಿನ್ನೆ ಮೊನ್ನೆಯದಾಗಿರಲಾರದು. ಹೀಗೆ ನೋಡಿದರೆ ಅಮಾಟ ಪ್ರತ್ಯೇಕ ಪ್ರಭೇದವೆ ಅಲ್ಲವೆ ಎಂಬ ಪ್ರಶ್ನೆ, ಈ ನೆಲ ಎಷ್ಟು ಕಾಲದಿಂದ ಬಯಲಾಗಿದೆ ಎಂಬ ಪ್ರಶ್ನೆಗೂ ತಗುಲಿಕೊಂಡಿದೆ.

ತಿಲಕ್ ನಗರದಲ್ಲಿ ಇಂದು ಬಯಲಿಲ್ಲ. ಮಗ್ಗುಲಿನ ಭೈರಸಂದ್ರ, ಗುರಪ್ಪನಪಾಳ್ಯಗಳ ಹೆಸರುಗಳು ಮಾತ್ರ ಇಲ್ಲಿ ಹಳ್ಳಿಗಳಿದ್ದುದನ್ನು ಹೇಳುತ್ತವೆ. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಹೊಲ, ತೋಪು, ಕುರುಚಲುಗಳೆಲ್ಲ ಬೀದಿಗಳಾದವು. ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ಅಂಥ ಒಂದು ಬೀದಿಯಲ್ಲಿಯೇ ನನ್ನ ಸಂಸಾರವೂ ನಡೆದಿದೆ. ನನ್ನ ಕಳಕಳಿ ಊರಿನ ಹೊರಗೆ, ತುಮಕೂರು ಚಿತ್ರದುರ್ಗಗಳ ಕಡೆಗೆ ಇನ್ನೂ ಉಳಿದಿರುವ ಬಯಲುಗಳ ವಿಷಯದಲ್ಲಿ. ಪರಿಸರ ದಿನದಂದು ಅಧ್ಯಾಪಕರು ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ನೆಡಿಸುವುದು ಒಳ್ಳೆಯದೇ. ಆದರೆ ಗುಂಡಿ ತೋಡುವ ಮುನ್ನ ಅಲ್ಲಿ ಮೊದಲೇ ಇರುವ ಮುಳ್ಳುಪೊದೆ ಯಾವುದು, ಅದರ ಎಲೆಯ ಮೇಲೆ ಮೊಟ್ಟೆಯುಂಟೆ, ಹುಳುವುಂಟೆ ಎಂದು ಒಂದು ಗಳಿಗೆ ನೋಡಿಸಲಿ. ಬೆಲ್ ಕಾರವಾರದಲ್ಲಿ ಮಾಡಿದ್ದು ಇದನ್ನೇ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಒಂದು ಡಬ್ಬಿ, ಒಂದು ದಿನಚರಿ, ಸ್ವಲ್ಪ ತಾಳ್ಮೆ ಸಾಕು.

ಅಮಾಟವೂ ಕಲಾಯಿಸೂ ಒಂದೆಯೆ, ಎರಡೆ ಎಂಬುದನ್ನು ಮುಂದಿನ ತಲೆಮಾರಿನ ಯಾರೋ ಒಬ್ಬ ವಿದ್ಯಾರ್ಥಿ ನಿರ್ಣಯಿಸಬಹುದು. ಅವನು ಕನ್ನಡದ ಶಾಲೆಯಿಂದಲೇ ಬಂದವನಾಗಿರಬಹುದು. ಆಫ್ರಿಕದ ಮಾದರಿಗಳ ಪಕ್ಕದಲ್ಲಿಟ್ಟು ಹೋಲಿಸಲು ಅವನಿಗೆ ನಮ್ಮ ನಾಡಿನ ಜೀವಂತ ಚಿಟ್ಟೆ ಬೇಕು. ಚಿಟ್ಟೆಗೆ ನಾಲ್ಕು ಮುಳ್ಳಿನ ಆ ಪೊದೆ ಬೇಕು. ಪೊದೆಗೆ ಬಯಲು ಬೇಕು. ಹೆಸರಿನ ವಿಚಾರಣೆ ಇನ್ನೂ ನೂರು ವರ್ಷ ನಡೆಯಲಿ, ಚಿಂತೆಯಿಲ್ಲ. ಅಲ್ಲಿಯವರೆಗೆ ಆ ನೆಲವನ್ನು ಹಾಳೆಂದು ಕರೆಯದಿರುವುದು ನಮ್ಮಿಂದ ಈ ಹೊತ್ತೇ ಆಗಬಹುದಾದ ಕೆಲಸ.